ಜೊತೆಗೊಬ್ಬರು ಕೂತರೆ ಎರಡು ತುತ್ತು ಹೆಚ್ಚು

ಹಸಿವನ್ನು ನಾವು ಎಷ್ಟು ನಂಬುತ್ತೇವೆಂದರೆ, ದೇಹಕ್ಕೆ ಬೇಕಾದಾಗ ಅದು ತಾನಾಗಿ ಕೇಳುತ್ತದೆ ಎಂದುಕೊಂಡೇ ಬದುಕುತ್ತೇವೆ. ಆ ನಂಬಿಕೆ ಯಾವ ವಯಸ್ಸಿನವರೆಗೆ ನಡೆಯುತ್ತದೆ ಎಂಬುದನ್ನು ಅಮೆರಿಕದ ಬಾಸ್ಟನ್‌ನಲ್ಲಿ ಸೂಸನ್ ರಾಬರ್ಟ್ಸ್ ಮತ್ತು ಸಂಗಡಿಗರು ಪರೀಕ್ಷಿಸಿ ನೋಡಿದರು. ಆರೋಗ್ಯವಾಗಿದ್ದ ಯುವಕರಿಗೂ ಆರೋಗ್ಯವಾಗಿಯೇ ಇದ್ದ ವಯಸ್ಸಾದ ಗಂಡಸರಿಗೂ 21 ದಿನ ಅರೆಹೊಟ್ಟೆಯ ಊಟ ಕೊಟ್ಟರು. ಎಲ್ಲರ ತೂಕವೂ ಇಳಿಯಿತು. ಆಮೇಲೆ ಮನಸ್ಸಿಗೆ ಬಂದಷ್ಟು ಉಣ್ಣಿ ಎಂದು ಬಿಟ್ಟರು. ಯುವಕರು ಮೊದಲಿಗಿಂತ ಹೆಚ್ಚು ಉಂಡು ಕಳೆದುಕೊಂಡ ತೂಕವನ್ನು ತುಂಬಿಕೊಂಡರು. ವಯಸ್ಸಾದವರು ತುಂಬಿಕೊಳ್ಳಲಿಲ್ಲ. ಕಾಯಿಲೆ ಇರಲಿಲ್ಲ, ಊಟಕ್ಕೆ ಕೊರತೆ ಇರಲಿಲ್ಲ, ಯಾರೂ ಬೇಡ ಅನ್ನಲಿಲ್ಲ. ಆದರೂ ಕಳೆದುಕೊಂಡದ್ದನ್ನು ಮರಳಿ ಪಡೆಯಬೇಕೆಂಬ ಒತ್ತಾಯವೇ ಒಳಗಿಂದ ಬರಲಿಲ್ಲ. 1994ರಲ್ಲಿ ಪ್ರಕಟವಾದ ಈ ಪ್ರಯೋಗವನ್ನು ನಮ್ಮ ಮನೆಗಳಿಗೆ ಹೊಂದಿಸಿ ನೋಡಿದರೆ ದಿಗಿಲಾಗುತ್ತದೆ. ಒಂದು ಜ್ವರ, ಒಂದು ಸಾವು, ಒಂದು ಆಸ್ಪತ್ರೆ ವಾಸ ಹಿರಿಯರ ತೂಕವನ್ನು ಇಳಿಸಿದರೆ ಸಾಕು, ಅದು ಇಳಿದಲ್ಲೇ ನಿಂತುಬಿಡಬಹುದು. ‘ವಯಸ್ಸಾಯ್ತಲ್ಲ, ಮೊದಲಿನ ಹಾಗೆ ಊಟ ಸೇರಲ್ಲ’ ಎಂದು ಅವರು ಹೇಳುತ್ತಾರೆ, ನಾವು ಒಪ್ಪಿಕೊಳ್ಳುತ್ತೇವೆ.

ಊಟ ಸೇರದಿರುವುದಕ್ಕೆ ಕಾರಣಗಳಿವೆ. ವಯಸ್ಸಾದಂತೆ ಜಠರದ ಮೇಲ್ಭಾಗದ ಗೋಡೆ ಮೊದಲಿನಷ್ಟು ಹಿಗ್ಗುವುದಿಲ್ಲ. ಉಂಡದ್ದು ಕೆಳಗಿಳಿಯುವುದೂ ನಿಧಾನ. ಸ್ವಲ್ಪ ತಿನ್ನುವಷ್ಟರಲ್ಲೇ ಹೊಟ್ಟೆ ತುಂಬಿತು ಅನ್ನಿಸುತ್ತದೆ. ಕರುಳಿನಿಂದ ಹೊರಟು ಮಿದುಳಿಗೆ ‘ಸಾಕು’ ಎಂದು ಹೇಳುವ ಕೋಲಿಸಿಸ್ಟೋಕೈನಿನ್ ಎಂಬ ಹಾರ್ಮೋನು ಹಿರಿಯರ ರಕ್ತದಲ್ಲಿ ಹೆಚ್ಚು ಇರುತ್ತದೆ, ಅದಕ್ಕೆ ಅವರ ದೇಹ ಓಗೊಡುವುದೂ ಜಾಸ್ತಿ. ಮೂಗು ಬೇರೆ ಕೈಕೊಡುತ್ತದೆ. ಪೆನ್ಸಿಲ್ವೇನಿಯಾದಲ್ಲಿ ರಿಚರ್ಡ್ ಡೋಟಿ ತಂಡ 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 65ರಿಂದ 80 ವರ್ಷದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ವಾಸನಾಶಕ್ತಿ ತೀವ್ರವಾಗಿ ಕುಂದಿತ್ತು. 80 ದಾಟಿದವರಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು. ನಾವು ರುಚಿ ಎಂದು ಕರೆಯುವುದರಲ್ಲಿ ದೊಡ್ಡ ಪಾಲು ವಾಸನೆಯದ್ದೇ. ಸೊಸೆಯ ಕೈಯಡುಗೆ ಸಪ್ಪೆ ಅನ್ನುವ ಅತ್ತೆಯ ದೂರಿನಲ್ಲಿ ಎಷ್ಟು ಸಲ ಮೂಗಿನ ನರಗಳ ಪಾಲಿತ್ತೋ! ಎಷ್ಟೋ ಮನೆಗಳಲ್ಲಿ ವಿನಾಕಾರಣ ಮನಸ್ಸು ಕೆಟ್ಟಿದೆ.

ಬಾಯಾರಿಕೆಯ ಕತೆಯೂ ಇದೇ. ಅದೇ 1984ರಲ್ಲಿ ಫಿಲಿಪ್ಸ್ ಮತ್ತು ಸಂಗಡಿಗರು ಯುವಕರನ್ನೂ ವೃದ್ಧರನ್ನೂ 24 ಗಂಟೆ ನೀರಿಲ್ಲದೆ ಇರಿಸಿದರು. ವೃದ್ಧರ ರಕ್ತ ಹೆಚ್ಚು ಗಟ್ಟಿಯಾಗಿತ್ತು, ಅಂದರೆ ನೀರಿನ ಅಗತ್ಯ ಅವರಿಗೇ ಹೆಚ್ಚಿತ್ತು. ಆದರೆ ಬಾಯಾರಿದೆ ಎಂದು ಅವರು ಹೇಳಿದ್ದು ಕಡಿಮೆ, ನೀರು ಕೊಟ್ಟ ಮೇಲೆ ಕುಡಿದದ್ದೂ ಕಡಿಮೆ.

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು, ಮಕ್ಕಳೆಲ್ಲ ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇದ್ದು, ಗಂಡ ತೀರಿಕೊಂಡು ಒಬ್ಬರೇ ಉಳಿದ ಅಜ್ಜಿಯ ಅಡುಗೆಮನೆಗೆ ಸಂಜೆ ಏಳರ ಹೊತ್ತಿಗೆ ಹೋಗಿ ನೋಡಬೇಕು. ಇಂಥ ಮನೆಗಳು ನಮ್ಮ ಪ್ರತಿ ಬೀದಿಯಲ್ಲೂ ಇವೆ. ಮಧ್ಯಾಹ್ನದ ಅನ್ನ ಪಾತ್ರೆಯಲ್ಲಿ ಅರ್ಧ ಉಳಿದಿರುತ್ತದೆ. ತಿಳಿಸಾರು ಬೆಳಗಿನದು. ಫ್ರಿಜ್‌ನಲ್ಲಿ ಒಂದು ಬಟ್ಟಲು ಮೊಸರು, ಅದಕ್ಕೆ ನೀರು ಬೆರೆಸಿ ಮಜ್ಜಿಗೆ. ಭರಣಿಯಲ್ಲಿ ಉಪ್ಪಿನಕಾಯಿ. ನಾಲ್ಕು ಗಂಟೆಗೆ ಕುಡಿದ ಕಾಫಿಯ ಜೊತೆ ನೆನೆಸಿ ತಿಂದ ಬಿಸ್ಕತ್ತು ಇನ್ನೂ ಹೊಟ್ಟೆಯಲ್ಲೇ ಇದ್ದಂತಿರುತ್ತದೆ. ‘ನನ್ನೊಬ್ಬಳಿಗೆ ಅಂತ ಏನು ಮಾಡೋದು ಹೇಳು’ ಅನ್ನುತ್ತಾರೆ. ಕುಕ್ಕರಿನಲ್ಲಿ ಹಿಡಿ ಬೇಳೆ ಬೇಯಿಸಬಹುದು, ಆದರೆ ಒಂದು ಹಿಡಿಗಾಗಿ ಕುಕ್ಕರ್ ತೊಳೆಯುವುದು ಯಾರು? ಸೊಪ್ಪು ಬಿಡಿಸಬೇಕು, ಕಣ್ಣು ಕಾಣದು. ತೆಂಗಿನಕಾಯಿ ಒಡೆಯಬೇಕು, ಕೈಯಲ್ಲಿ ಬಲವಿಲ್ಲ.

ಆ ತಟ್ಟೆಯ ಲೆಕ್ಕ ಹಾಕೋಣ. 75 ಗ್ರಾಂ ಅಕ್ಕಿಯ ಅನ್ನದಲ್ಲಿ ಪ್ರೋಟೀನು ಸುಮಾರು 6 ಗ್ರಾಂ. ತಿಳಿಸಾರಿನಲ್ಲಿ ಒಂದೆರಡು ಗ್ರಾಂ, ಮಜ್ಜಿಗೆಯಲ್ಲಿ ಇನ್ನೊಂದೆರಡು. ಎಲ್ಲ ಸೇರಿ ಹತ್ತರ ಒಳಗೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ವಯಸ್ಕರಿಗೆ ಹೇಳಿದ ಪ್ರಮಾಣ ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 0.83 ಗ್ರಾಂ ಪ್ರೋಟೀನು. ವೃದ್ಧಾಪ್ಯದ ಪೋಷಣೆಯನ್ನೇ ಅಧ್ಯಯನ ಮಾಡುವ ಅಂತರರಾಷ್ಟ್ರೀಯ ತಜ್ಞರ ಗುಂಪುಗಳು 65 ದಾಟಿದವರಿಗೆ 1ರಿಂದ 1.2 ಗ್ರಾಂ ಬೇಕು ಅನ್ನುತ್ತವೆ. ಮೂತ್ರಪಿಂಡದ ಕಾಯಿಲೆ ಇದ್ದವರ ಲೆಕ್ಕ ಬೇರೆ, ಅದನ್ನು ವೈದ್ಯರೇ ಹೇಳಬೇಕು. ಉಳಿದಂತೆ 50 ಕಿಲೋ ತೂಗುವ ಅಜ್ಜಿಗೆ ದಿನಕ್ಕೆ 50ರಿಂದ 60 ಗ್ರಾಂ ಬೇಕು. ಈ ಬಗೆಯ ಮೂರು ಊಟ ಉಂಡರೂ ಅರ್ಧದ ಆಸುಪಾಸಿನಲ್ಲೇ ನಿಲ್ಲುತ್ತದೆ. ಹೊಟ್ಟೆ ಮಾತ್ರ ತುಂಬಿರುತ್ತದೆ.

ವಯಸ್ಸಾದವರಿಗೆ ಹೆಚ್ಚು ಯಾಕೆ ಬೇಕು ಎಂಬುದಕ್ಕೆ ಉತ್ತರ ಸ್ನಾಯುಗಳಲ್ಲಿದೆ. ಎಳೆಯ ದೇಹದಲ್ಲಿ ಊಟದ ಸ್ವಲ್ಪ ಪ್ರೋಟೀನು ಸಿಕ್ಕರೂ ಸ್ನಾಯು ಕಟ್ಟುವ ಕೆಲಸ ಶುರುವಾಗುತ್ತದೆ. ವಯಸ್ಸಾದ ಸ್ನಾಯು ಅಷ್ಟಕ್ಕೆ ಕದಲುವುದಿಲ್ಲ. ಪ್ರೋಟೀನಿನಲ್ಲಿರುವ ಲ್ಯೂಸಿನ್ ಎಂಬ ಅಮೈನೋ ಆಮ್ಲ ಒಂದು ಮಟ್ಟ ಮುಟ್ಟಿದರೆ ಮಾತ್ರ ಅದಕ್ಕೆ ಎಚ್ಚರ. ಅದಕ್ಕೇ ಒಂದೊಂದು ಊಟದಲ್ಲೂ 25 ಗ್ರಾಮಿನಷ್ಟು ಪ್ರೋಟೀನು ಇರಲಿ ಎಂಬ ಸಲಹೆ. ದಿನವಿಡೀ ಚೂರುಚೂರಾಗಿ ಹಂಚಿಹೋದ ಪ್ರೋಟೀನಿನಿಂದ ಅಷ್ಟು ಪ್ರಯೋಜನವಿಲ್ಲ. ಸ್ನಾಯು ಹೀಗೆ ಸವೆಯುವುದಕ್ಕೆ ಅರ್ವಿನ್ ರೋಸೆನ್‌ಬರ್ಗ್ 1989ರಲ್ಲಿ ಸಾರ್ಕೊಪೀನಿಯಾ ಎಂಬ ಹೆಸರು ಕೊಟ್ಟರು. ಅದು ವರ್ಷಗಟ್ಟಲೆ ಗೊತ್ತಾಗದಂತೆ ನಡೆಯುತ್ತದೆ, ಆಮೇಲೆ ಒಂದು ವಾರದಲ್ಲಿ ಕಣ್ಣಿಗೆ ಬೀಳುತ್ತದೆ. 2007ರ ಒಂದು ಅಧ್ಯಯನದಲ್ಲಿ ಆರೋಗ್ಯವಂತ ಹಿರಿಯರನ್ನು ಬರೀ 10 ದಿನ ಹಾಸಿಗೆಯಲ್ಲಿರಿಸಿದರೆ ಕಾಲುಗಳಿಂದಲೇ ಸುಮಾರು ಒಂದು ಕಿಲೋ ಸ್ನಾಯು ಕರಗಿತ್ತು. ಆಸ್ಪತ್ರೆಗೆ ನಡೆದುಕೊಂಡು ಹೋದ ತಂದೆಯನ್ನು ಎತ್ತಿಕೊಂಡು ಮನೆಗೆ ತಂದವರಿಗೆ ಈ ಅಂಕಿಯ ಅರ್ಥ ಬೇರೆ ಯಾರೂ ಹೇಳಿಕೊಡಬೇಕಿಲ್ಲ.

ದೇಶದ ಮಟ್ಟದಲ್ಲಿ ಎರಡು ಸಂಖ್ಯೆ ಸಾಕು. 2017–18ರಲ್ಲಿ ನಡೆದ ಭಾರತದ ವೃದ್ಧಾಪ್ಯ ಅಧ್ಯಯನದ ಪ್ರಕಾರ 60 ದಾಟಿದವರಲ್ಲಿ ಶೇ. 27ರಷ್ಟು ಜನರ ತೂಕ ಇರಬೇಕಾದ್ದಕ್ಕಿಂತ ಕಡಿಮೆ, ಶೇ. 22ರಷ್ಟು ಜನರದ್ದು ಹೆಚ್ಚು. ಟಿ.ವಿ.ಯಲ್ಲಿ, ಪತ್ರಿಕೆಯಲ್ಲಿ ನಾವು ಕೇಳುವುದೆಲ್ಲ ಎರಡನೆಯ ಗುಂಪಿನ ಬಗ್ಗೆ: ಎಣ್ಣೆ ಬಿಡಿ, ತುಪ್ಪ ಬಿಡಿ, ಅನ್ನ ಬಿಡಿ. ಮೊದಲನೆಯ ಗುಂಪಿನವರೂ ಅದನ್ನೇ ಕೇಳಿ ತುಪ್ಪ ಬಿಡುತ್ತಾರೆ.

ಹಸಿವು ಎಬ್ಬಿಸದಿದ್ದರೆ ಮತ್ತೆ ಯಾವುದು ಎಬ್ಬಿಸಬೇಕು? ಈ ಅಧ್ಯಾಯದಲ್ಲಿ ನಾನು ಹೇಳಹೊರಟಿರುವುದು ಇದನ್ನೇ: ಒಳಗಿನ ಕರೆ ಕ್ಷೀಣವಾದಾಗ ಹೊರಗಿನ ಕರೆ ಆ ಜಾಗ ತುಂಬಬಲ್ಲದು. ಗೊತ್ತಾದ ಹೊತ್ತು, ಗೊತ್ತಾದ ಜಾಗ, ಎದುರಿಗೊಂದು ಮುಖ, ಬಡಿಸುವ ಕೈ. ಇದನ್ನು ನಾವು ಉಪಚಾರ, ಮರ್ಯಾದೆ ಎಂದು ನೋಡಿಕೊಂಡು ಬಂದಿದ್ದೇವೆ. ಅದು ಶರೀರಕ್ರಿಯೆಯ ಮೇಲೂ ಕೆಲಸ ಮಾಡುತ್ತದೆ ಎಂಬುದಕ್ಕೆ ಅಳತೆಗಳಿವೆ. ಜಾನ್ ಡಿ ಕ್ಯಾಸ್ಟ್ರೊ ಎಂಬ ಮನೋವಿಜ್ಞಾನಿ ಜನರಿಂದ ಊಟದ ದಿನಚರಿ ಬರೆಸಿ ನೋಡಿದಾಗ, ಜೊತೆಯಲ್ಲಿ ಉಂಡ ಊಟ ಒಬ್ಬರೇ ಉಂಡದ್ದಕ್ಕಿಂತ ಸಾಕಷ್ಟು ದೊಡ್ಡದಾಗಿತ್ತು. ಮನೆ ಬಿಟ್ಟು ಹೊರಬರಲಾಗದ ಅಮೆರಿಕದ ವೃದ್ಧರ ಮೇಲೆ ಜೂಲಿ ಲೋಚರ್ ತಂಡ ನಡೆಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜೊತೆಗೆ ಯಾರಾದರೂ ಉಂಡಾಗ ಅವರು ಪ್ರತಿ ಊಟಕ್ಕೆ ಸರಾಸರಿ 114 ಕ್ಯಾಲೊರಿ ಹೆಚ್ಚು ತಿಂದಿದ್ದರು. 114 ಕ್ಯಾಲೊರಿ ಅಂದರೆ ಹೆಚ್ಚುಕಡಿಮೆ ಒಂದು ಲೋಟ ಹಾಲು. ದಿನಾ ಒಂದು ಲೋಟ ಹಾಲಿನಷ್ಟು ಹೆಚ್ಚಿಗೆ ಹೊಟ್ಟೆಗೆ ಹೋದರೆ ಸೊರಗುತ್ತಿರುವ ದೇಹದ ಇಳಿತವನ್ನು ತಡೆಯಲು ಅದು ಸಾಕಾದೀತು.

ನನಗೆ ಎಲ್ಲಕ್ಕಿಂತ ಮನಸ್ಸಿಗೆ ಹಿಡಿದದ್ದು ನೆದರ್ಲೆಂಡ್ಸ್‌ನ ಪ್ರಯೋಗ. ಐದು ವೃದ್ಧಾಶ್ರಮಗಳು, 178 ನಿವಾಸಿಗಳು, ಸರಾಸರಿ ವಯಸ್ಸು 77. ಕೆಲವು ವಿಭಾಗಗಳಲ್ಲಿ ಊಟ ಎಂದಿನಂತೆಯೇ ನಡೆಯಿತು: ಅಡುಗೆಮನೆಯಲ್ಲೇ ಬಡಿಸಿದ ಟ್ರೇ ತಂದು ಎದುರಿಗಿಡುವುದು, ನಡುವೆ ಮಾತ್ರೆ ಹಂಚುವುದು, ಸಿಬ್ಬಂದಿ ಓಡಾಡುತ್ತಿರುವುದು. ಉಳಿದ ವಿಭಾಗಗಳಲ್ಲಿ ಕ್ರಮ ಬದಲಾಯಿತು. ಮೇಜಿಗೆ ಬಟ್ಟೆ ಹಾಸಿದರು. ಗಾಜಿನ ಲೋಟ ಇಟ್ಟರು. ಅಡುಗೆಯನ್ನು ಪಾತ್ರೆಗಳಲ್ಲೇ ತಂದು ನಡುವೆ ಇಟ್ಟು, ಎರಡು ಬಗೆಯ ತರಕಾರಿಯಲ್ಲಿ ಬೇಕಾದ್ದನ್ನು ಆಯ್ದುಕೊಳ್ಳಲು ಬಿಟ್ಟರು. ಮಾತ್ರೆಯನ್ನು ಊಟಕ್ಕೆ ಮೊದಲೇ ಮುಗಿಸಿದರು. ಎಲ್ಲರೂ ಕೂತ ಮೇಲೆಯೇ ಊಟ ಆರಂಭ. ಸಿಬ್ಬಂದಿಯೂ ಮೇಜಿಗೆ ಬಂದು ಕೂತು ಮಾತಾಡಬೇಕು. ಆರು ತಿಂಗಳ ನಂತರ ತೂಗಿ, ಅಳೆದು ನೋಡಿದರು. ಟ್ರೇ ಊಟದವರ ತೂಕ, ಕೈಕಾಲಿನ ಚಟುವಟಿಕೆ, ಬದುಕಿನ ಬಗೆಗಿನ ತೃಪ್ತಿ ಮೂರೂ ಇಳಿದಿದ್ದವು. ಕೂತು ಹಂಚಿ ಉಂಡವರಲ್ಲಿ ಆ ಇಳಿತ ತಡೆದಿತ್ತು. 2006ರಲ್ಲಿ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯಲ್ಲಿ ಇದು ಅಚ್ಚಾಯಿತು. ಹೊಸ ಔಷಧಿಯಿಲ್ಲ, ಪೋಷಕಾಂಶದ ಪುಡಿಯಿಲ್ಲ. ನಮ್ಮಲ್ಲಿ ತಾಯಿ ಹತ್ತಿರ ಕೂತು ‘ಇನ್ನೊಂದು ಸ್ವಲ್ಪ ಹಾಕಲಾ’ ಎಂದು ಕೇಳುವಾಗ ನಡೆಯುವುದನ್ನೇ ಅವರು ಶಿಸ್ತಾಗಿ ಜೋಡಿಸಿ ಅಳೆದರು.

ಇದನ್ನು ಊರ ಮಟ್ಟಕ್ಕೆ ಒಯ್ಯುವ ಪ್ರಯತ್ನಗಳು ಹಳೆಯವೇ. ಬ್ರಿಟನ್ನಿನಲ್ಲಿ ಮಹಾಯುದ್ಧದ ನಡುವೆ, 1943ರಲ್ಲಿ, ಮಹಿಳಾ ಸ್ವಯಂಸೇವಕಿಯರು ಮನೆ ಬಿಟ್ಟು ಬರಲಾಗದ ವೃದ್ಧರಿಗೆ ಬಿಸಿ ಊಟ ಒಯ್ದು ಕೊಡಲು ಶುರು ಮಾಡಿದರು. ಅಮೆರಿಕ 1965ರಲ್ಲಿ ಹಿರಿಯರ ಕಾಯ್ದೆ ಮಾಡಿತು, 1972ರಲ್ಲಿ ಅದಕ್ಕೆ ಊಟದ ಕಾರ್ಯಕ್ರಮ ಸೇರಿಸಿತು. ಅಲ್ಲಿ 60 ದಾಟಿದ ಯಾರು ಬೇಕಾದರೂ ಬಂದು ಉಣ್ಣಬಹುದು. ಒಂದು ಊಟದಲ್ಲಿ ದಿನದ ಪೋಷಕಾಂಶಗಳ ಮೂರನೇ ಒಂದು ಭಾಗವಾದರೂ ಇರಲೇಬೇಕು. ಕೈಲಾದವರು ಕಾಣಿಕೆ ಹಾಕಬಹುದು, ಹಾಕದವರನ್ನು ಹಿಂದೆ ಕಳಿಸುವಂತಿಲ್ಲ. ಈ ಕೊನೆಯ ನಿಯಮ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಬಡವರ ಪಂಕ್ತಿ ಎಂಬ ಹಣೆಪಟ್ಟಿ ಬಿದ್ದ ದಿನವೇ ಮರ್ಯಾದಸ್ಥ ಹಿರಿಯರು ಬರುವುದನ್ನು ನಿಲ್ಲಿಸುತ್ತಾರೆ, ಮನೆಯಲ್ಲಿ ಕಾಫಿ ಬಿಸ್ಕತ್ತಿನಲ್ಲಿ ದಿನ ದೂಡುತ್ತಾರೆ.

ನಮ್ಮ ಪಕ್ಕದ ತಮಿಳುನಾಡಿನಲ್ಲಿ ಎಂ.ಜಿ. ರಾಮಚಂದ್ರನ್ ಸರ್ಕಾರ 1982ರಲ್ಲಿ ಮಕ್ಕಳ ಮಧ್ಯಾಹ್ನದ ಊಟವನ್ನು ವಿಸ್ತರಿಸಿದಾಗ, ಮರುವರ್ಷವೇ ವೃದ್ಧಾಪ್ಯ ವೇತನ ಪಡೆಯುವವರನ್ನೂ ಆ ಊಟಕ್ಕೆ ಸೇರಿಸಿತು. ಗುಜರಾತಿನ ಮೆಹ್ಸಾಣಾ ಜಿಲ್ಲೆಯ ಚಾಂದಣಕಿ ಎಂಬ ಹಳ್ಳಿಯ ದಾರಿ ಇನ್ನೊಂದು. ಮಕ್ಕಳೆಲ್ಲ ಅಹಮದಾಬಾದಿಗೂ ಹೊರದೇಶಕ್ಕೂ ಹೋಗಿ ಊರಿನಲ್ಲಿ ಹೆಚ್ಚಾಗಿ ವಯಸ್ಸಾದವರೇ ಉಳಿದಾಗ, ಮನೆಮನೆಯ ಒಲೆ ಆರಿಸಿ ಊರಿಗೆಲ್ಲ ಒಂದೇ ಅಡುಗೆಮನೆ ಮಾಡಿಕೊಂಡರು. ತಿಂಗಳಿಗಿಷ್ಟು ಎಂದು ಹಣ ಕೊಟ್ಟು ಎಲ್ಲರೂ ಅಲ್ಲೇ ಉಣ್ಣುತ್ತಾರೆ. ಅನುಕೂಲಸ್ಥರ ಊರದು. ಹಸಿವಿಗಿಂತ ಒಂಟಿತನ ದೊಡ್ಡದೆಂದು ಅವರಿಗೆ ಗೊತ್ತಾದದ್ದರಿಂದಲೇ ಈ ಏರ್ಪಾಡು ಹುಟ್ಟಿತು.

ಕರ್ನಾಟಕದಲ್ಲಿ ಅನ್ನದಾನಕ್ಕೆ ಬರವಿಲ್ಲ. ಧರ್ಮಸ್ಥಳ, ಹೊರನಾಡು, ಸಿದ್ಧಗಂಗೆ ಎಂದು ಹೆಸರು ಹೇಳುತ್ತ ಹೋಗಬಹುದು. ಸಾವಿರಾರು ಎಲೆ ಬೀಳುವ ಊಟವನ್ನು ಹೊತ್ತಿಗೆ ಸರಿಯಾಗಿ ಬಡಿಸುವ ಕೌಶಲ ನಮ್ಮ ಅಡುಗೆಭಟ್ಟರ ಕೈಯಲ್ಲಿದೆ. 2017ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಇಂದಿರಾ ಕ್ಯಾಂಟೀನ್ 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟ ಕೊಟ್ಟಿತು. ಆದರೆ ಸಾಲಿನಲ್ಲಿ ನಿಂತು, ತಟ್ಟೆ ಹಿಡಿದು, ಬಹುಮಟ್ಟಿಗೆ ನಿಂತೇ ತಿನ್ನುವ ಏರ್ಪಾಡು ಅದು. ದುಡಿಯುವ ಮೈಗೆ ಸರಿ, ಎಪ್ಪತ್ತೈದರ ಮಂಡಿಗೆ ಅಲ್ಲ. ನಿಜವಾಗಿ ಪಾಠ ಕಲಿಯಬೇಕಾದದ್ದು ಅದೇ ವರ್ಷ ಅಕ್ಟೋಬರ್ 2ರಂದು ಶುರುವಾದ ಮಾತೃಪೂರ್ಣ ಯೋಜನೆಯಿಂದ. ಗರ್ಭಿಣಿಯರೂ ಬಾಣಂತಿಯರೂ ಅಂಗನವಾಡಿಗೇ ಬಂದು ಅನ್ನ, ಸಾರು, ಮೊಟ್ಟೆ, ಹಾಲು, ಚಿಕ್ಕಿ ತಿನ್ನಬೇಕು ಎಂಬ ಲೆಕ್ಕಾಚಾರ ಅದರದ್ದು. ಮನೆಗೆ ಒಯ್ದರೆ ಹಂಚಿಹೋಗುತ್ತದೆ, ಅಲ್ಲೇ ಉಂಡರೆ ಅವಳ ಹೊಟ್ಟೆಗೇ ಸೇರುತ್ತದೆ. ತಟ್ಟೆಯ ಲೆಕ್ಕ ಚೆನ್ನಾಗಿತ್ತು. ಆದರೆ ಮಲೆನಾಡಿನ ಒಂಟಿಮನೆಗಳಿಂದ ಏರುದಾರಿಯಲ್ಲಿ ದಿನಾ ನಡೆದು ಬರುವುದು ಆಗದ ಮಾತಾಯಿತು. ಹಿರಿಯರಿಗೂ ಇಂಥದ್ದನ್ನು ಮಾಡುವವರು ಮೊದಲು ಅಳೆಯಬೇಕಾದದ್ದು ದಾರಿಯನ್ನು. ಪಟ್ಟಣದ ವಾರ್ಡು, ಬಯಲುಸೀಮೆಯ ಒತ್ತೊತ್ತಾದ ಊರು ಆದರೆ ಕೂಡಿ ಉಣ್ಣುವ ಮನೆ. ಚದುರಿದ ಊರಾದರೆ ಮನೆಗೆ ಒಯ್ದು ಕೊಡುವ ಡಬ್ಬಿ.

ಡಬ್ಬಿಯೂ ಬರೀ ಡಬ್ಬಿಯಲ್ಲ. ಬ್ರೌನ್ ವಿಶ್ವವಿದ್ಯಾಲಯದ ಕಾಲಿ ಥಾಮಸ್ ತಂಡ ಒಂದು ಗುಂಪಿನ ವೃದ್ಧರಿಗೆ ದಿನಾ ಬಿಸಿ ಊಟ ತಲುಪಿಸಿತು, ಇನ್ನೊಂದು ಗುಂಪಿಗೆ ವಾರಕ್ಕೊಮ್ಮೆ ಫ್ರೀಜ್ ಮಾಡಿದ ಊಟದ ಕಟ್ಟು ಕೊಟ್ಟಿತು. ಆತಂಕ, ಒಂಟಿತನ ಕಡಿಮೆಯಾದದ್ದು ಹೆಚ್ಚಾಗಿ ದಿನಾ ಬಾಗಿಲು ತಟ್ಟಿದ ಕಡೆ. ತಂದುಕೊಡುವ ಹುಡುಗ ಎರಡು ನಿಮಿಷ ನಿಂತು, ನಿನ್ನೆಯ ಡಬ್ಬಿ ತೆರೆದೇ ಇಲ್ಲ ಎಂದು ಗಮನಿಸಿ, ಆಶಾ ಕಾರ್ಯಕರ್ತೆಗೆ ಒಂದು ಫೋನ್ ಮಾಡಿದರೆ, ಅದು ಯಾವ ರಕ್ತಪರೀಕ್ಷೆಗಿಂತಲೂ ಮುಂಚೆ ಸಿಗುವ ಸುಳಿವು.

ಇನ್ನು ಏನು ಬಡಿಸುವುದು. ಅದೇ 75 ಗ್ರಾಂ ಅಕ್ಕಿಗೆ 30 ಗ್ರಾಂ ಹುರುಳಿಯನ್ನೋ ಅಲಸಂದೆಯನ್ನೋ ಬರೀ ಕಟ್ಟು ಬಸಿಯದೆ ಕಾಳಿನ ಸಮೇತ ಮೆತ್ತಗೆ ಬೇಯಿಸಿ ಸೇರಿಸಿದರೆ 6–7 ಗ್ರಾಂ ಪ್ರೋಟೀನು. ನೀರು ಬೆರೆಸದ ಒಂದು ಬಟ್ಟಲು ಗಟ್ಟಿ ಮೊಸರು ಇನ್ನು 6, ಒಂದು ಮೊಟ್ಟೆ 6. ಅಲ್ಲಿಗೆ 25 ಮುಟ್ಟಿತು. ಮೊಟ್ಟೆ ತಿನ್ನದವರಿಗೆ ಒಂದು ಹಿಡಿ ಹುರಿದ ಶೇಂಗಾ ಪುಡಿ ಮಾಡಿ ಚಟ್ನಿಪುಡಿಯಾಗಿ ಬಡಿಸಬಹುದು. ಕರಾವಳಿಯಲ್ಲಾದರೆ ಒಂದು ತುಂಡು ಮೀನು ಎಲ್ಲವನ್ನೂ ಸುಲಭ ಮಾಡುತ್ತದೆ. ಅನ್ನಭಾಗ್ಯದ ಅಕ್ಕಿ ಮನೆಗೆ ಬಂದಿದೆ. ಬಾರದಿರುವುದು ಕಾಳು, ಮೊಸರು, ಸೊಪ್ಪು. ರಾಗಿಯಂತೂ ಈ ವಯಸ್ಸಿಗೆಂದೇ ಇದ್ದ ಹಾಗಿದೆ. 100 ಗ್ರಾಮಿನಲ್ಲಿ 350 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ, ಮೇಲಾಗಿ ಮುದ್ದೆಯನ್ನು ಅಗಿಯಬೇಕಿಲ್ಲ, ಹಲ್ಲಿಲ್ಲದವರೂ ಸಾರಿನಲ್ಲಿ ಅದ್ದಿ ನುಂಗುತ್ತಾರೆ. ಪಾರ್ಶ್ವವಾಯು ಆದವರಿಗೆ, ಪಾರ್ಕಿನ್ಸನ್ ಇರುವವರಿಗೆ ಮಾತ್ರ ಮುದ್ದೆ ಗಂಟಲಲ್ಲಿ ಸಿಕ್ಕುವ ಅಪಾಯವಿದೆ, ಅವರಿಗೆ ಗಂಜಿಯೇ ಸರಿ.

ಬಿ12 ಜೀವಸತ್ವದ ಮಾತು ಬೇರೆಯಾಗಿ ಹೇಳಬೇಕು. ಆಹಾರದಲ್ಲಿ ಅದು ಪ್ರೋಟೀನಿಗೆ ಅಂಟಿಕೊಂಡಿರುತ್ತದೆ, ಬಿಡಿಸಲು ಜಠರದ ಆಮ್ಲ ಬೇಕು. ವಯಸ್ಸಾದವರಲ್ಲಿ ಆಮ್ಲ ಕಡಿಮೆ, ಗ್ಯಾಸ್ಟ್ರಿಕ್ ಮಾತ್ರೆ ನುಂಗುವವರಲ್ಲಿ ಇನ್ನೂ ಕಡಿಮೆ. ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಕೂಡ ಅದರ ಹೀರಿಕೆಯನ್ನು ತಗ್ಗಿಸುತ್ತದೆ. ಸಸ್ಯಾಹಾರಿಗಳಿಗೆ ಹಾಲು ಮೊಸರಷ್ಟೇ ಮೂಲ. ಕಾಲು ಜೋಮು, ಮರೆವು, ಸುಸ್ತು ಇವನ್ನೆಲ್ಲ ವಯಸ್ಸಿನ ಲೆಕ್ಕಕ್ಕೆ ಬರೆದುಬಿಡುವ ಮುಂಚೆ ಬಿ12 ಪರೀಕ್ಷೆ ಮಾಡಿಸುವುದು ಒಳ್ಳೆಯದು. ಇದು ಊಟದಿಂದ ಮಾತ್ರ ಸರಿಹೋಗದಿರಬಹುದು.

ಉಪ್ಪಿನ ವಿಷಯದಲ್ಲಿ ಹಿರಿಯರ ನಾಲಿಗೆಯ ಜೊತೆ ಜಗಳವಾಡಿ ಗೆಲ್ಲಲಾಗದು. ಡ್ಯೂಕ್ ವಿಶ್ವವಿದ್ಯಾಲಯದ ಸೂಸನ್ ಶಿಫ್‌ಮನ್ 1993ರಲ್ಲಿ ತೋರಿಸಿದಂತೆ ಊಟದ ಪರಿಮಳ ಹೆಚ್ಚಿಸಿದರೆ ವೃದ್ಧರು ಅದನ್ನು ಹೆಚ್ಚು ತಿನ್ನುತ್ತಾರೆ. ನಮ್ಮಲ್ಲಿ ಅದಕ್ಕೆ ಒಗ್ಗರಣೆಯಿದೆ. ಇಂಗು, ಬೆಳ್ಳುಳ್ಳಿ, ಕರಿಬೇವು ಊಟಕ್ಕೆ ಕೂತಾಗಲೇ ಚಟಪಟ ಅನ್ನಬೇಕು, ಬೆಳಿಗ್ಗೆ ಹಾಕಿದ್ದರ ಘಮ ಮಧ್ಯಾಹ್ನಕ್ಕೆ ಇರುವುದಿಲ್ಲ. ಮೇಲೆ ನಿಂಬೆಹುಳಿ ಹಿಂಡಿದರೆ ಉಪ್ಪಿನ ಬೇಡಿಕೆಯೂ ಇಳಿಯುತ್ತದೆ. ಪಥ್ಯದ ಬಗ್ಗೆಯೂ ನನ್ನದೊಂದು ಗಟ್ಟಿ ಅಭಿಪ್ರಾಯ. ಎಂಬತ್ತೆರಡರ, ಮೂಳೆ ಕಾಣುವಂತಾದ ಅಜ್ಜನಿಗೆ ಐವತ್ತರಲ್ಲಿ ಬರೆದುಕೊಟ್ಟ ‘ತಿನ್ನಬಾರದು’ ಪಟ್ಟಿಯನ್ನೇ ಇಂದಿಗೂ ಪಾಲಿಸುವುದು ಅನ್ಯಾಯ. ಸೊರಗಿದ ವೃದ್ಧರಲ್ಲಿ ಪಥ್ಯ ಸಡಿಲಿಸಬೇಕೆಂದು ಪೋಷಣಾ ತಜ್ಞರೇ ಹೇಳುತ್ತಾರೆ. ಪಟ್ಟಿಯನ್ನು ವೈದ್ಯರ ಮುಂದೆ ಮತ್ತೆ ಹಿಡಿದು ‘ಇದು ಇನ್ನೂ ಬೇಕೇ’ ಎಂದು ಕೇಳುವ ಕೆಲಸ ಮಕ್ಕಳದ್ದು.

ಬೇಯಿಸಿದ ಅನ್ನವನ್ನು ಹೊರಗಿಟ್ಟು ಸಂಜೆಗೆ ಬಡಿಸುವ ರೂಢಿಯನ್ನು ಮಾತ್ರ ಬಿಡಲೇಬೇಕು. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಕುದಿಸಿದರೂ ಸಾಯುವುದಿಲ್ಲ. ಬೆಚ್ಚಗಿನ ಅನ್ನದಲ್ಲಿ ಅವು ಮೊಳೆತು ಬಿಡುವ ಒಂದು ಬಗೆಯ ವಿಷ ಮತ್ತೆ ಬಿಸಿ ಮಾಡಿದರೂ ಹೋಗದು. ಆಮ್ಲ ಕಡಿಮೆಯಾದ ಹೊಟ್ಟೆಗೆ ತಡೆದುಕೊಳ್ಳುವ ಶಕ್ತಿಯೂ ಕಡಿಮೆ. ಡಬ್ಬಿಯ ಊಟ 60 ಡಿಗ್ರಿಗಿಂತ ಬಿಸಿಯಾಗಿಯೇ ಮನೆ ಮುಟ್ಟಬೇಕು.

ಊಟದ ಮನೆಯ ಕಟ್ಟಡದಲ್ಲಿ ನಾನು ಮೊದಲು ನೋಡುವುದು ಅಡುಗೆಮನೆಯನ್ನಲ್ಲ, ಶೌಚಾಲಯವನ್ನು. ಎದ್ದು ಹೋಗಲು ಹತ್ತಿರದಲ್ಲಿ, ಹಿಡಿಕೆಯಿರುವ ಕಮೋಡ್ ಇಲ್ಲದಿದ್ದರೆ ಹೆಂಗಸರು ನೀರೇ ಕುಡಿಯುವುದಿಲ್ಲ, ಆಮೇಲೆ ಬಾಯಾರಿಕೆಯ ಪಾಠ ಹೇಳಿ ಫಲವಿಲ್ಲ. ನೆಲದ ಪಂಕ್ತಿಯ ಬದಲು ಬೆನ್ನೊರಗುವ, ಕೈ ಊರಿ ಏಳಬಹುದಾದ ಕುರ್ಚಿ ಬೇಕು. ಲೋಟ ಒಂದೇ ಕೈಯಲ್ಲಿ ಎತ್ತುವಷ್ಟು ಹಗುರವಾಗಿರಬೇಕು. ನಾಲ್ಕೈದು ಜನರ ಮೇಜು ಒಳ್ಳೆಯದು, ಕಿವಿ ಮಂದವಾದವರಿಗೆ ದೊಡ್ಡ ಹಾಲಿನ ಗದ್ದಲದಲ್ಲಿ ಎದುರಿನ ಮಾತೂ ಕೇಳಿಸದು.

ಬರಲು ಆಗುವವರು ನಡೆದೇ ಬರುವುದಕ್ಕೂ ಬೆಲೆಯಿದೆ. ಮಾರಿಯಾ ಫಿಯಟರೋನ್ ಬಾಸ್ಟನ್‌ನಲ್ಲಿ ಸರಾಸರಿ 87 ವಯಸ್ಸಿನ 100 ವೃದ್ಧಾಶ್ರಮ ನಿವಾಸಿಗಳ ಮೇಲೆ 10 ವಾರ ನಡೆಸಿ 1994ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಬರೀ ಪೋಷಕ ಪಾನೀಯ ಕುಡಿದವರ ಸ್ನಾಯುಬಲ ಹೆಚ್ಚಲಿಲ್ಲ. ಕಾಲಿಗೆ ಭಾರದ ವ್ಯಾಯಾಮ ಮಾಡಿದವರ ಬಲ ಎರಡು ಪಟ್ಟಿಗೂ ಮೀರಿತು. ತಿಂದದ್ದು ಸ್ನಾಯುವಾಗಬೇಕಾದರೆ ಸ್ನಾಯುವಿಗೆ ಕೆಲಸ ಬೇಕು. ಊಟಕ್ಕೆ ಮೊದಲು ಹತ್ತು ನಿಮಿಷ, ಕುರ್ಚಿಯಿಂದ ಕೈ ಊರದೆ ಎದ್ದು ಕೂರುವ ವ್ಯಾಯಾಮವನ್ನು ಎಲ್ಲರೂ ಒಟ್ಟಿಗೆ ಮಾಡಿದರೂ ಆಯಿತು.

ಕೊನೆಗೆ ಒಂದು ತೂಕದ ಯಂತ್ರ. ಬಾಗಿಲ ಪಕ್ಕ ಅದು ಇರಬೇಕು, ತಿಂಗಳಿಗೊಮ್ಮೆ ಒಂದು ಪುಸ್ತಕದಲ್ಲಿ ಹೆಸರಿನ ಮುಂದೆ ಅಂಕಿ ಬರೆಯಬೇಕು. ಆರರಿಂದ ಹನ್ನೆರಡು ತಿಂಗಳಲ್ಲಿ ಬೇಕೆಂದು ಇಳಿಸದೆಯೇ ಶೇ. 5ರಷ್ಟು ತೂಕ ಇಳಿದರೆ ವೈದ್ಯರಿಗೆ ತೋರಿಸಲೇಬೇಕು. 50 ಕಿಲೋ ಇರುವವರಿಗೆ ಅದು ಬರೀ ಎರಡೂವರೆ ಕಿಲೋ, ಸೀರೆಯ ನೆರಿಗೆಯಲ್ಲಿ ಮುಚ್ಚಿಹೋಗುವಷ್ಟು. ವರ್ಷಕ್ಕೊಮ್ಮೆ ಹಬ್ಬಕ್ಕೆ ಬರುವ ಮಗನಿಗೆ ಅದು ಕಾಣಿಸುವಾಗ ತಡವಾಗಿರುತ್ತದೆ. ದಿನಾ ಬಡಿಸುವವಳಿಗೆ ಬೇಗ ಗೊತ್ತಾಗುತ್ತದೆ, ಅವಳ ಕೈಗೆ ಆ ಪುಸ್ತಕವನ್ನೂ ಪ್ರಾಥಮಿಕ ಆರೋಗ್ಯ ಕೇಂದ್ರದ ಫೋನ್ ನಂಬರನ್ನೂ ಕೊಟ್ಟಿರಬೇಕು.